ಹತ್ತೊಂಬತ್ತರ ಮುಖ

ನಮ್ಮ ಕಸುಬಿನಲ್ಲಿ ಮದುಮಗಳ ವಯಸ್ಸು ಇಳಿಸಿಕೊಡಿ ಎಂದೇ ಎಲ್ಲರೂ ಕೇಳುವುದು. ಕಣ್ಣಿನ ಕೆಳಗಿನ ಕಪ್ಪು ತೆಗೀರಿ, ಮೊಡವೆ ಅಳಿಸಿ, ಒಸಿ ಬೆಳ್ಳಗೆ ಮಾಡಿ. ಚನ್ನಪಟ್ಟಣದ ನನ್ನ ಸ್ಟುಡಿಯೋಗೆ ವಯಸ್ಸು ಏರಿಸಿಕೊಡಿ ಎಂದು ಬಂದವನು ಒಬ್ಬನೇ, ವಿರೂಪಾಕ್ಷಿಪುರದ ಕಡೆಯ ಹುಡುಗಿಯೊಬ್ಬಳ ಸೋದರಮಾವ. ಮದುವೆಗೆ ನಾಲ್ಕು ದಿನವಿತ್ತು. ಛತ್ರದ ಬಾಗಿಲಿಗೆ ಕಟ್ಟುವ ಫ್ಲೆಕ್ಸ್‌ಗೆ ಅವಳ ಫೋಟೋ ಬೇಕಿತ್ತು.

ರೇಷ್ಮೆ ಸೀರೆ, ಮೇಕಪ್ಪು, ತಲೆ ತುಂಬ ಮಲ್ಲಿಗೆ. ಎಂದಿನಂತೆ ದೀಪದ ಮುಂದೆ ಬಿಳಿ ಕೊಡೆ ಬಿಚ್ಚಿ, ಮೆತ್ತನೆಯ ಬೆಳಕನ್ನು ಮುಖಕ್ಕೆ ನೇರ ಬಿಟ್ಟು ಒಂದು ಫೋಟೋ ತೆಗೆದೆ. ಕಂಪ್ಯೂಟರಿನಲ್ಲಿ ನೋಡಿದರೆ, ಅಯ್ಯೋ ಶಿವನೇ, ಶಾಲೆಯ ವಾರ್ಷಿಕೋತ್ಸವಕ್ಕೆ ವೇಷ ಹಾಕಿಸಿದ ಮಗು!

"ಇದೇನ್ ಸಾರ್, ಚಿಕ್ಕ ಮಗೀನಂಗೆ ಕಾಣ್ತಾಳೆ. ಒಸಿ ದೊಡ್ಡೋಳಂಗೆ ಮಾಡ್ಕೊಡಿ," ಎಂದ ಮಾವ.

"ಎಷ್ಟು ವಯಸ್ಸು?"

"ಹತ್ತೊಂಬತ್ತು ತುಂಬೈತೆ." ಹುಡುಗಿ ನೆಲ ನೋಡಿದಳು.

ಗೊತ್ತಾಗಲಿಲ್ಲ ಎಂದರೆ ನನ್ನ ನಾಲಿಗೆ ಸೇದಿಹೋಗಲಿ. ಗೊತ್ತಾಯಿತು. ಊರ ಉಸಾಬರಿ ನನಗ್ಯಾಕೆ ಎಂದುಕೊಂಡೆ. ಅದಕ್ಕಿಂತ ನಾಚಿಕೆಗೇಡು ಎಂದರೆ, ಇದುವರೆಗೆ ಯಾರೂ ಹೇಳದಿದ್ದ ಕೆಲಸ ಎಂದು ಕೈ ತುರಿಸತೊಡಗಿತು.

ಕೊಡೆ ತೆಗೆದೆ. ಬರಿಯ ದೀಪವನ್ನು ಒಂದು ಪಕ್ಕದಿಂದ ತಲೆಯ ಮೇಲಕ್ಕೆ ಏರಿಸಿದೆ. ಕೆನ್ನೆಯ ಕೆಳಗೆ ನೆರಳು ಬಿತ್ತು. "ನಗಬೇಡಮ್ಮ" ಎಂದೆ. ನಕ್ಕರೆ ಕೆಲಸ ಕೆಡುತ್ತಿತ್ತು. "ಸರಿ ಅಣ್ಣ" ಎಂದಳು. ಅವಳಿಗೆ ನಗುವ ಯೋಚನೆಯೇನೂ ಇರಲಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಕೆನ್ನೆ ಇಳಿಸಿದೆ, ದವಡೆ ಚೂಪು ಮಾಡಿದೆ. ಇಷ್ಟು ವರ್ಷ ಊರವರ ಕಣ್ಣಿನ ಕೆಳಗೆ ಅಳಿಸುತ್ತ ಬಂದಿದ್ದ ಗೆರೆಯನ್ನು ನಾನೇ ಎಳೆದೆ. ಅವಳ ಬೆರಳಿನ ತುದಿಯಲ್ಲಿ ನೀಲಿ ಇಂಕಿನ ಕಲೆಯಿತ್ತು, ಅದನ್ನೂ ತೆಗೆದುಬಿಟ್ಟೆ. ಮಾವ "ಭೇಷ್!" ಎಂದು ಬೆನ್ನು ತಟ್ಟಿದ. ನನಗೂ ಹೆಮ್ಮೆಯಾಯಿತು, ಸುಡಲಿ ಆ ಹೆಮ್ಮೆ.

ಮದುವೆಯ ಫೋಟೋ ಕೆಲಸವೂ ನನಗೇ ಸಿಕ್ಕಿತು. ಚಪ್ಪರದ ದಿನ ಸಂಜೆ, ದೂರು ಬಂದಿದೆ ಎಂದು ಮಕ್ಕಳ ಇಲಾಖೆಯ ಇಬ್ಬರು ಮೇಡಂಗಳು ಛತ್ರಕ್ಕೆ ಬಂದರು. ವಾಲಗದವರೂ ನಿಲ್ಲಿಸಿಬಿಟ್ಟರು. ಮಾವ ನನ್ನ ಕಿವಿಗೆ ಬಾಯಿಟ್ಟು, "ಸಾರ್, ಅವತ್ತಿನ ಲೈಟೇ ಹಾಕ್ಬುಡಿ" ಎಂದ. ಹಾಕಿದೆ. ಹುಡುಗಿಯನ್ನು ತಂದು ಅದರ ಕೆಳಗೆ ನಿಲ್ಲಿಸಿದರು. ಹಿರಿಯ ಮೇಡಂ ಫ್ಲೆಕ್ಸ್ ನೋಡಿದರು, ಅವಳನ್ನು ನೋಡಿದರು. ಶಾಲೆಯ ಕಾಗದ ಕೇಳಿದರು.

"ಓದ್ಸೇ ಇಲ್ಲ ಮೇಡಂ," ಎಂದ ಮಾವ.

"ನಿನ್ನ ವಯಸ್ಸೆಷ್ಟಮ್ಮ?"

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಸುತ್ತ ನಿಂತಿದ್ದ ಹೆಂಗಸರೆಲ್ಲ ಒಟ್ಟಿಗೇ "ಹತ್ತೊಂಬತ್ತು" ಎಂದರು. ಮೇಡಂ ನನ್ನ ಕಡೆ ತಿರುಗಿದರು. "ನೀವೇನ್ರೀ ಹೇಳ್ತೀರಾ? ಫೋಟೋ ತೆಗೆದೋರು ನೀವೇ ತಾನೆ?"

ಹುಡುಗಿಯೂ ನನ್ನನ್ನೇ ನೋಡುತ್ತಿದ್ದಳು.

"ನಾನು ಫೋಟೋದವನು ಮೇಡಂ. ನನಗೇನು ಗೊತ್ತು?"

ಎಲ್ಲರದೂ ಒಂದೇ ಮಾತು ಎಂದು ಬರೆದುಕೊಂಡು, ಅವರು ಫ್ಲೆಕ್ಸನ್ನು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು ಹೊರಟುಹೋದರು. ವಾಲಗ ಮತ್ತೆ ಶುರುವಾಯಿತು. ಮಾವ ನನಗೆ ಕಾಫಿ ತರಿಸಿದ, ಕುಡಿದೆ.

ಬೆಳಗ್ಗೆ ಅವಳ ಕೊರಳಿಗೆ ತಾಳಿ ಬಿತ್ತು. ಗಂಡುಹೆಣ್ಣನ್ನು ನಿಲ್ಲಿಸಿ ಫೋಟೋ ತೆಗೆಯುವಾಗ ಅವಳ ಬಾಸಿಂಗ ವಾರೆಯಾಗಿತ್ತು, ಸರಿಮಾಡಲು ಹತ್ತಿರ ಹೋದೆ. ಪಕ್ಕದಲ್ಲಿದ್ದ ಗಂಡಿಗೂ ಕೇಳದ ಹಾಗೆ ಅವಳು ಅಂದಳು:

"ಮೇಡಂಗೆ ಫೋನ್ ಮಾಡಿದ್ದು ನಾನೇ ಅಣ್ಣ."

ಹಿಂದಕ್ಕೆ ಬಂದೆ. ಕ್ಯಾಮೆರಾದ ಲೆನ್ಸ್ ಒರೆಸಿದೆ, ಮತ್ತೆ ಒರೆಸಿದೆ. "ಬೇಗ ತೆಗೀರಿ ಸಾರ್, ಪಂಕ್ತಿ ಕುಂತೈತೆ" ಎಂದು ಯಾರೋ ಕೂಗಿದರು.

ತೆಗೆದೆ.