ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ?

ನನ್ನ ಚಿಕ್ಕಮ್ಮ ಯಾರ ಮನೆಯ ಬಾಗಿಲನ್ನಾದರೂ ಮೆಲ್ಲಗೆ ತಟ್ಟಿ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ. ಬಾಗಿಲಿಗೆ ಮೂಗು ತಾಗಿಸಿಕೊಂಡು ನಿಂತವರನ್ನು ಯಾರೂ ಒಳಗೆ ಕರೆಯುವುದಿಲ್ಲ ಎನ್ನುವುದು ಅವಳ ಅನುಭವ. ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುವುದೇ ಅವಳ ಕೆಲಸ. ಮನೆಯಲ್ಲಿ ಎಷ್ಟು ಜನ, ನೀರು ಸಾಲುತ್ತದೆಯೇ, ಹುಷಾರು ತಪ್ಪಿದರೆ ಯಾವ ಆಸ್ಪತ್ರೆಗೆ ಹೋಗುತ್ತೀರಿ, ಇಂಥವು. ಬೀದಿಯವರು ಅವಳನ್ನು ಸರ್ವೆ ಅಕ್ಕ ಎನ್ನುತ್ತಾರೆ. ನಾವು ಮನೆಯವರು ಇಟ್ಟಿರುವ ಹೆಸರು ಬೇರೆಯೇ ಇದೆ, ಅದನ್ನಿಲ್ಲಿ ಬರೆದರೆ ಅವಳು ನನ್ನ ಕಿವಿ ಹಿಂಡುತ್ತಾಳೆ. ಊಟಕ್ಕೆ ಕೂತಾಗ ಯಾರಾದರೂ ಉಪ್ಪು ಕಡಿಮೆ ಎಂದರೆ ಸಾಕು, "ನಿನಗೆ ಮಾತ್ರಾನಾ, ಎಲ್ರಿಗೂನಾ?" ಎಂದು ಒಬ್ಬೊಬ್ಬರನ್ನೇ ಕೇಳಲು ಶುರುಮಾಡುತ್ತಾಳೆ. ಚಿಕ್ಕಪ್ಪ ಪಾಪ, ತುಟಿಪಿಟಿಕ್ಕೆನ್ನದೆ ಉಣ್ಣುತ್ತಾರೆ.

ಅವಳ ಆಫೀಸು ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲ ಪ್ರಶ್ನೆಗಳನ್ನೂ ಮನೆಯ ಯಜಮಾನನನ್ನೇ ಕೇಳಬೇಕು ಎನ್ನುವ ನಿಯಮವಿತ್ತು. ಯಜಮಾನರು ಕುರ್ಚಿ ಎಳೆದುಕೊಂಡು ಧಾರಾಳವಾಗಿ ಉತ್ತರ ಕೊಡುತ್ತಿದ್ದರು. ಅಡುಗೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದರೆ, "ಅದೇನು ಮಹಾ, ಒಲೆ ಮೇಲಿಟ್ರೆ ಆಗೇ ಹೋಗುತ್ತೆ" ಎನ್ನುವವರು. ಹೆಂಡತಿ ಕೆಲಸ ಮಾಡುತ್ತಾರಾ ಎಂದರೆ, "ಇಲ್ಲ, ಮನೇಲೇ ಇರ್ತಾಳೆ" ಎನ್ನುವವರು. ಆ ಮಾತಿನ ಹೊತ್ತಿಗೇ ಒಳಗಿನಿಂದ ಹೊಲಿಗೆ ಯಂತ್ರದ ಕಟಕಟ ಸದ್ದು ಕೇಳುತ್ತಿದ್ದರೂ ಚಿಕ್ಕಮ್ಮ 'ಇಲ್ಲ' ಎಂದೇ ಬರೆದುಕೊಂಡು ಬರಬೇಕಿತ್ತು. ಬಂದವಳ ಸಿಟ್ಟೆಲ್ಲ ನಮ್ಮ ಮೇಲೆ.

ಕೊನೆಗೆ ಅವಳು ಆಫೀಸಿನಲ್ಲಿ ಪಟ್ಟು ಹಿಡಿದಳು. ಮನೆಯೊಳಗಿನ ಪ್ರಶ್ನೆ ಮನೆಯೊಳಗಿನ ಕೆಲಸ ಮಾಡುವವರನ್ನೇ ಕೇಳಬೇಕು, ಹೆಂಗಸರನ್ನು ಹೆಂಗಸರೇ ಕೇಳಬೇಕು, ಗಂಡನೋ ಮಾವನೋ ಪಕ್ಕದಲ್ಲಿ ಕೂತು ಕೆಮ್ಮುತ್ತಿರುವಾಗ ಕೇಳಬಾರದು. ಜಗಳ ಬಹಳ ಕಾಲ ನಡೆಯಿತು. ಗೆದ್ದಳು. ನಿಯಮ ಬದಲಾಯಿತು. ಮನೆಗಳಿಗೆ ಹೋಗುತ್ತಿದ್ದ ಗಂಡಸರನ್ನೆಲ್ಲ ರಸ್ತೆ ಬದಿ ನಿಂತು ವಾಹನ ಎಣಿಸುವ ಕೆಲಸಕ್ಕೆ ಹಾಕಿದರು. ಅವತ್ತಿನಿಂದ ಎಷ್ಟೋ ಮನೆಗಳ ನಿಜವಾದ ಲೆಕ್ಕ ಹೊರಗೆ ಬಂತು ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅವಳ ಠೀವಿಯೂ ಅವತ್ತಿನಿಂದಲೇ ಏರಿತು, ಅದನ್ನೂ ಹೇಳಿಬಿಡಬೇಕು.

ಅಷ್ಟರಲ್ಲಿ ನಗರಸಭೆಯವರು ಒಂದು ಒಳ್ಳೆಯ ಯೋಜನೆ ಹಾಕಿಕೊಂಡರು. ಹಾಸಿಗೆ ಹಿಡಿದವರನ್ನು ಹಗಲು ಹೊತ್ತು ಬಿಟ್ಟುಹೋಗಲು ಒಂದು ಆರೈಕೆ ಕೇಂದ್ರ. ಅಲ್ಲಿ ಮಂಚ, ನರ್ಸು, ಕೈಕಾಲು ಆಡಿಸಿ ವ್ಯಾಯಾಮ ಮಾಡಿಸುವವರು ಎಲ್ಲ ಇರುತ್ತಾರೆ. ಮನೆಯವರು ನೆಮ್ಮದಿಯಾಗಿ ತಮ್ಮ ಕೆಲಸಕ್ಕೆ ಹೋಗಬಹುದು. ಆದರೆ ಜಾಗ ಕಡಿಮೆ. ಹಾಗಾಗಿ ಯಾವ ಮನೆಗೆ ಮೊದಲು ಕೊಡಬೇಕು ಎಂದು ತಿಳಿಯಲು ಚಿಕ್ಕಮ್ಮನ ಆಫೀಸಿಗೆ ಸರ್ವೆ ಒಪ್ಪಿಸಿದರು. ಮುಖ್ಯ ಪ್ರಶ್ನೆ ಒಂದೇ: ಮನೆಯಲ್ಲಿ ಇವರನ್ನು ಯಾರು ನೋಡಿಕೊಳ್ಳುತ್ತಾರೆ? ದುಡಿಯುವವರೂ ನೋಡಿಕೊಳ್ಳುವವರೂ ಒಬ್ಬರೇ ಆಗಿದ್ದರೆ ಆ ಮನೆಗೆ ಮೊದಲ ಸರದಿ.

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಬ್ಯಾಗು, ಸೂಟ್‌ಕೇಸು ರಿಪೇರಿ ಮಾಡುವವರೊಬ್ಬರಿದ್ದಾರೆ. ಶಾಲೆಯ ಮಕ್ಕಳಿಗೆ ಅವರು ಜಿಪ್ ಮಾಮ. ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಮನೆ. ಅವರ ಹೆಂಡತಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು, ಮಾತು ತುಂಬ ನಿಧಾನ. ಅವರಿಗೆ ಮಕ್ಕಳಿಲ್ಲ. ಚಿಕ್ಕಮ್ಮ ಹೋದ ದಿನ, ಹೆಂಗಸರನ್ನೇ ಕೇಳಬೇಕೆನ್ನುವ ನಿಯಮಕ್ಕೆ ಸರಿಯಾಗಿ, ಜಿಪ್ ಮಾಮನ ಅಕ್ಕ ಪಕ್ಕದ ಬೀದಿಯಿಂದ ಬಂದು ಕೂತಿದ್ದರು.

"ಇವರನ್ನ ಯಾರು ನೋಡ್ಕೊಳ್ತಾರೆ?" ಎಂದು ಚಿಕ್ಕಮ್ಮ ಕೇಳಿದಳು.

"ನಾನೇ. ಇನ್ಯಾರು?" ಎಂದು ಅಕ್ಕ ಕಡ್ಡಿ ಮುರಿದ ಹಾಗೆ ಹೇಳಿದರು. ಜಿಪ್ ಮಾಮ ತಲೆ ತಗ್ಗಿಸಿಕೊಂಡು ಯಾವುದೋ ಜಿಪ್ಪನ್ನು ಹಿಂದೆ ಮುಂದೆ ಎಳೆಯುತ್ತಿದ್ದರು.

ಚಿಕ್ಕಮ್ಮ ಹಾಗೇ ಬರೆದುಕೊಂಡಳು. ನೋಡಿಕೊಳ್ಳಲು ಬೇರೆ ಹೆಂಗಸಿದ್ದಾರೆ, ಗಂಡನ ದುಡಿಮೆಗೆ ತೊಂದರೆಯಿಲ್ಲ ಎಂದಾಯಿತು. ಅಂದರೆ ಆ ಮನೆ ಸರದಿಯ ಕೊನೆಗೆ ಹೋಯಿತು. ಎದ್ದು ಚಪ್ಪಲಿ ಮೆಟ್ಟುವಾಗ ಕಿಟಕಿಯ ಪಕ್ಕ ಒರಗಿ ಕೂತಿದ್ದ ಹೆಂಡತಿಯ ಜಡೆ ಅವಳ ಕಣ್ಣಿಗೆ ಬಿತ್ತು. ಬಿಗಿಯಾದ ಜಡೆ. ತುದಿಗೆ ರಿಬ್ಬನ್ ಇರಲಿಲ್ಲ. ಮೇಣ ಸವರಿದ ಕಂದು ದಾರವನ್ನು ಒತ್ತೊತ್ತಾಗಿ ಸುತ್ತಿ, ತುದಿಯನ್ನು ಒಳಕ್ಕೆ ತೂರಿಸಿ ಕಾಣದಂತೆ ಮಾಡಲಾಗಿತ್ತು. ಗೋಡೆಯ ಮೊಳೆಗೆ ನೇತುಹಾಕಿದ್ದ ಬ್ಯಾಗುಗಳ ಹಿಡಿಕೆಗೂ ಅದೇ ಸುತ್ತು, ಅದೇ ದಾರ. ಅಕ್ಕನ ಬೆರಳುಗಳತ್ತ ನೋಡಿದಳು. ಗಂಟುಗಳು ಊದಿಕೊಂಡಿದ್ದವು, ಟೀ ಲೋಟವನ್ನೇ ಅವರು ಎರಡೂ ಕೈಯಲ್ಲಿ ಹಿಡಿದಿದ್ದರು.

ಚಿಕ್ಕಮ್ಮ ನಮ್ಮ ಮನೆಗೆ ಬಂದು ಮುಖ ಗಂಟಿಕ್ಕಿಕೊಂಡು ಕೂತಳು. ಮರುದಿನ ಮತ್ತೆ ಆ ಅಂಗಡಿಗೆ ಹೋದಳು. ಬಾಗಿಲು ಅರ್ಧ ಹಾಕಿತ್ತು. ಹೆಂಡತಿ ಮಲಗಿದ್ದಾಗ ಮಾತ್ರ ಅಂಗಡಿ ತೆರೆಯುತ್ತದೆ, ಗಿರಾಕಿಗಳು ಬಂದು ಬಂದು ವಾಪಸು ಹೋಗುತ್ತಿದ್ದಾರೆ, ಹೀಗೇ ಆದರೆ ಅಂಗಡಿ ಮುಚ್ಚುವುದೇ ಸೈ ಎಂದು ಎದುರು ಅಂಗಡಿಯವರು ಹೇಳಿದರು. ಆ ಮನೆಗೆ ಇದ್ದದ್ದು ಅದೊಂದೇ ಸಂಪಾದನೆ. ಕೇಂದ್ರದಲ್ಲಿ ಜಾಗ ಸಿಕ್ಕರೆ ಅಂಗಡಿ ಉಳಿಯುತ್ತದೆ, ಸಿಗದಿದ್ದರೆ ಇಲ್ಲ. ಚಿಕ್ಕಮ್ಮ ನೇರವಾಗಿಯೇ ಕೇಳಿದಳು. ಜಿಪ್ ಮಾಮ, "ನಮ್ಮಕ್ಕ ಹೇಳಿದ್ರಲ್ಲ ಮೇಡಂ" ಎಂದರು. ಹಾಗಂದು ಸೂಜಿಗೆ ದಾರ ಪೋಣಿಸತೊಡಗಿದರು.

ಇದರಲ್ಲಿ ಆಶ್ಚರ್ಯವೇನಿದೆ? ಹೆಂಡತಿಗೆ ಸ್ನಾನ ಮಾಡಿಸುತ್ತೇನೆ, ಒಳಬಟ್ಟೆ ಒಗೆಯುತ್ತೇನೆ ಎಂದು ಕೈಯಲ್ಲಿ ಪೆನ್ನು ಹಿಡಿದು ನಿಂತ ಅಪರಿಚಿತ ಹೆಂಗಸಿನ ಮುಂದೆ ಯಾವ ಗಂಡಸು ಬಾಯಿ ಬಿಡುತ್ತಾನೆ? ಹೆಂಗಸರು ಗಂಡಸರ ಮುಂದೆ ಹೇಳಲಾರದ ಮಾತುಗಳಿವೆ ಎಂದು ವರ್ಷಗಟ್ಟಲೆ ಬಡಿದಾಡಿದವಳಿಗೆ ಆ ಬಾಗಿಲು ಇನ್ನೊಂದು ಕಡೆಯಿಂದಲೂ ಮುಚ್ಚಿರಬಹುದು ಎಂದು ಹೊಳೆದಿರಲಿಲ್ಲ. ಅವತ್ತು ಅವಳಿಗೆ ನಿಜಕ್ಕೂ ನೋವಾಯಿತು. "ಅಷ್ಟು ಜಗಳ ಆಡಿ ತಂದ ನಿಯಮ ಕಣೆ. ಅದೇ ಆ ಮನುಷ್ಯನ ಬಾಯಿ ಕಟ್ಟಿಹಾಕ್ತು" ಎಂದಳು.

ಕೊರಗುತ್ತ ಕೂರುವ ಜಾತಿಯಲ್ಲ ಅವಳದು. ಆಫೀಸಿಗೆ ಹೋದಳು. ಅವಳ ಮೇಲಿನವರು ಚಿಕ್ಕ ವಯಸ್ಸಿನ ಹೆಂಗಸು, ಓದಿದವರು, ನ್ಯಾಯವಂತರು. ಪೂರ್ತಿ ಕೇಳಿಸಿಕೊಂಡು, "ಅಕ್ಕ, ಈ ನಿಯಮಕ್ಕೆ ಜಗಳ ಆಡಿದ್ದು ನೀವೇ ಅಲ್ವಾ?" ಎಂದರು.

"ಹೌದು. ಹೆಂಗಸರನ್ನ ಕೇಳಿ ಅಂದೆ. ಗಂಡಸರನ್ನ ಬಿಟ್ಟುಬಿಡಿ ಅನ್ನಲಿಲ್ಲ."

"ಬಿಟ್ಟುಬಿಡಿ ಅಂತಲೇ ಅಂದ್ರಿ. ಮೇಜು ಬೇರೆ ಕುಟ್ಟಿದ್ರಿ."

ಚಿಕ್ಕಮ್ಮ ನಾಲಿಗೆ ಕಚ್ಚಿಕೊಂಡಳು. ಇಬ್ಬರಿಗೂ ನಗು ಬಂತು. ಆದರೆ ಜಡೆಯೊಂದನ್ನು ನೋಡಿ ಸರದಿ ಬದಲಿಸಲು ಆಗುವುದಿಲ್ಲ, ಆ ಮನೆಯವರೇ ಹೇಳಬೇಕು ಎಂದರು ಮೇಲಿನವರು. ಅದು ಸರಿಯಾದ ಮಾತೇ. ಹೇಳಿಸುವವರು ಯಾರು? ಚೌಕದಲ್ಲಿ ಕೊಡೆ ಹಿಡಿದುಕೊಂಡು ಲಾರಿ, ಬಸ್ಸು ಎಣಿಸುತ್ತಿದ್ದ ಹಳೆಯ ಸಹೋದ್ಯೋಗಿಯ ನೆನಪಾಯಿತು ಚಿಕ್ಕಮ್ಮನಿಗೆ. ದಢೂತಿ ಆಳು, ಮಾತು ಮೆದು, ತಾಯಿ ಹಾಸಿಗೆ ಹಿಡಿದಾಗ ಕೊನೆಯವರೆಗೂ ಸೇವೆ ಮಾಡಿದವರು. ಚಿಕ್ಕಮ್ಮನ ನಿಯಮದಿಂದಲೇ ಅವರು ಬಿಸಿಲಿಗೆ ಬಿದ್ದದ್ದು.

"ಈಗ ನನ್ನ ನೆನಪಾಯ್ತಾ?" ಎಂದರು ಅವರು.

"ಆಯ್ತಪ್ಪ. ಬೈಯೋದಿದ್ರೆ ಬೈದುಬಿಡು, ಆಮೇಲೆ ಬಾ."

ಅವರು ಬೈಯಲಿಲ್ಲ, ಬಂದರು. ತಾನು ಯಾರು, ಯಾಕೆ ಬಂದೆ ಎನ್ನುವುದನ್ನು ಮೊದಲೇ ಹೇಳಬೇಕು, ಕದ್ದು ಮಾತು ತೆಗೆಯಬಾರದು ಎಂದು ಚಿಕ್ಕಮ್ಮ ದಾರಿಯುದ್ದಕ್ಕೂ ಅವರ ತಲೆ ತಿಂದಳು. ಅವಳು ಎದುರು ಅಂಗಡಿಯಲ್ಲೇ ಉಳಿದಳು. ಅವರೊಬ್ಬರೇ ಹೋಗಿ ಎಲ್ಲ ಹೇಳಿ, ತಮ್ಮ ಬ್ಯಾಗಿನ ಕಿತ್ತುಹೋದ ಪಟ್ಟಿಯನ್ನು ಮುಂದಿಟ್ಟು, ಹಳೆಯ ಸೂಟ್‌ಕೇಸಿನ ಮೇಲೆ ಕೂತರು. ಇಬ್ಬರೂ ಪಟ್ಟಿ ನೋಡುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ. ಯಾರು ನೋಡಿಕೊಳ್ಳುತ್ತಾರೆ ಎನ್ನುವ ಪ್ರಶ್ನೆಯನ್ನು ಸಹೋದ್ಯೋಗಿ ಎತ್ತಲೇ ಇಲ್ಲ.

"ನಮ್ಮಮ್ಮನ್ನ ಮಗ್ಗುಲು ತಿರುಗಿಸಿ ಮಲಗಿಸೋಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗ್ತಿತ್ತು. ನೀವು ಹೇಗೆ ಮಾಡ್ತೀರಿ?" ಎಂದು ಕೇಳಿದರು.

ಪಟ್ಟಿ ಹೊಲಿಯುತ್ತಿದ್ದ ಸೂಜಿ ನಿಂತಿತು. ಜಿಪ್ ಮಾಮ, "ಮೊದಲು ಮೊಣಕಾಲು ಮಡಚಬೇಕು. ಎಳೀಬಾರದು. ಮೊಣಕಾಲು ಬಾಗಿದ್ರೆ ಮೈ ತಾನೇ ಅದರ ಹಿಂದೆ ಬರುತ್ತೆ" ಎಂದರು. ಅಷ್ಟು ಹೇಳಿದ್ದೇ ತಡ, ಉಳಿದದ್ದೆಲ್ಲ ಹೊರಗೆ ಬಂತು. ಯಾವ ಮಾತ್ರೆ ಯಾವಾಗ, ನೀರು ಗಂಟಲಿಗೆ ಸಿಕ್ಕಿಕೊಳ್ಳದಂತೆ ಚಮಚದಲ್ಲಿ ಹೇಗೆ ಕುಡಿಸಬೇಕು, ಜಡೆ ಹಾಕಲು ಕಲಿತದ್ದು ಹೇಗೆ. ಮೊದಮೊದಲು ಹಾಕಿದ ಜಡೆ ನೋಡಿ ಹೆಂಡತಿ ಕನ್ನಡಿ ತಿರುಗಿಸಿಟ್ಟಿದ್ದರಂತೆ.

"ಮತ್ತೆ ಅಕ್ಕ ನೋಡ್ಕೊಳ್ತಾರೆ ಅಂದ್ರಲ್ಲ?"

"ಅಕ್ಕ ನನ್ನ ಮಾನ ಉಳಿಸೋಕೆ ಹಾಗಂದ್ರು. ಗೊತ್ತಾದ್ರೆ ಜನ ನಗ್ತಾರೆ."

"ಯಾರು ನಕ್ಕರು?"

"ಇನ್ನೂ ಯಾರೂ ನಕ್ಕಿಲ್ಲ" ಎಂದ ಜಿಪ್ ಮಾಮ, "ಗೊತ್ತಾಗೋಕೆ ನಾನೆಲ್ಲಿ ಬಿಟ್ಟೆ" ಎಂದು ತಾವೇ ನಕ್ಕುಬಿಟ್ಟರು. ಎಲ್ಲವನ್ನೂ ಬರೆದುಕೊಳ್ಳಲು ಒಪ್ಪಿದರು. ಪಟ್ಟಿಯನ್ನೂ ಹೊಲಿದುಕೊಟ್ಟರು.

ಆಮೇಲೆ ಆಫೀಸಿನವರು ಸರ್ವೆಯನ್ನೇ ಮತ್ತೊಮ್ಮೆ ಮಾಡಿದರು. ಈ ಸಲ ಜೋಡಿಯಾಗಿ, ಒಬ್ಬ ಹೆಂಗಸು, ಒಬ್ಬ ಗಂಡಸು. ಮನೆಯವರನ್ನು ಬೇರೆ ಬೇರೆ ಕೂರಿಸಿ ಕೇಳಿದರು. ಪ್ರಶ್ನೆಯನ್ನೂ ಬದಲಿಸಿದರು: ಇವತ್ತು ಬೆಳಿಗ್ಗೆ ಎಬ್ಬಿಸಿ ಕೂರಿಸಿದ್ದು ಯಾರು? ಊಟ ಮಾಡಿಸಿದ್ದು ಯಾರು? ತಮ್ಮನ ಸೇವೆ ಮಾಡುತ್ತಿದ್ದ ನಿವೃತ್ತ ಕಂಡಕ್ಟರ್ ಒಬ್ಬರು ಸಿಕ್ಕರು. 'ಸೊಸೆ ನೋಡ್ಕೊಳ್ತಾಳೆ' ಎಂದಿದ್ದ ಮನೆಯೊಂದರಲ್ಲಿ ಸೊಸೆ ಇಡೀ ದಿನ ದುಡಿಯಲು ಹೋಗುತ್ತಿದ್ದಳು, ಅಜ್ಜಿಯನ್ನು ನೋಡಿಕೊಳ್ಳಲು ಮೊಮ್ಮಗಳು ಶಾಲೆ ತಪ್ಪಿಸುತ್ತಿದ್ದಳು. ಆ ಹುಡುಗಿಯ ಸುದ್ದಿ ಕೇಳಿ ಚಿಕ್ಕಮ್ಮ ಅತ್ತಳು. ಹೀಗೆಲ್ಲ ಹುಡುಕಿದರೂ ಮನೆಮನೆಯಲ್ಲಿ ಸೇವೆ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರೇ. ಇದನ್ನು ಬರೆಯದೆ ಬಿಟ್ಟರೆ ಗ್ರಹಚಾರ ಬಿಡಿಸುತ್ತೇನೆ ಎಂದು ಅವಳು ನನಗೆ ಹೇಳಿದ್ದಾಳೆ, ಬರೆದಿದ್ದೇನೆ.

ಹೊಸ ಸರದಿಯಲ್ಲಿ ಜಿಪ್ ಮಾಮನ ಮನೆಯೂ ಮೇಲೆ ಬಂತು, ಮಗು ಶಾಲೆ ತಪ್ಪಿಸುವ ಮನೆಗೂ ಮೊದಲ ಸರದಿ ಎಂದಾಗಿ ಆ ಅಜ್ಜಿಯ ಮನೆಯೂ ಬಂತು.

ಕೇಂದ್ರ ತೆರೆದ ದಿನ ಚಿಕ್ಕಮ್ಮ ನನ್ನನ್ನೂ ಎಳೆದುಕೊಂಡು ಹೋದಳು. ಹೊಸ ಬಣ್ಣದ ವಾಸನೆ, ಬಾಗಿಲಲ್ಲಿ ಮೇಜು, ಮೇಜಿನ ಹಿಂದೆ ನರ್ಸು. ಜಿಪ್ ಮಾಮ ಹೆಂಡತಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು, ಜೊತೆಯಲ್ಲಿ ಅಕ್ಕ. ಅವರ ಹಿಂದೆ ತನ್ನ ತಂದೆಯ ಭುಜ ಹಿಡಿದು ನಿಂತಿದ್ದವನು ಜಿಪ್ ಮಾಮನ ಗಿರಾಕಿಯೇ. ಅವನನ್ನು ನೋಡಿ ಅವರ ಮುಖ ಬಾಡಿತು.

ನರ್ಸು ಅಭ್ಯಾಸಬಲದಿಂದ ಅಕ್ಕನ ಕಡೆ ತಿರುಗಿ, "ಮನೇಲಿ ಇವರನ್ನ ಯಾರಮ್ಮ ನೋಡ್ಕೊಳ್ತಾರೆ? ಅವರ ಹತ್ರ ಒಂದಿಷ್ಟು ವಿಷಯ ಕೇಳ್ಬೇಕು" ಎಂದರು.

ಅಕ್ಕ ತಮ್ಮನ ಮುಖ ನೋಡಿದರು. ಜಿಪ್ ಮಾಮ ನೆಲ ನೋಡಿದರು. ನನ್ನ ಪಕ್ಕದಲ್ಲಿದ್ದ ಚಿಕ್ಕಮ್ಮ ಬಾಯಿ ಹಾಕಲು ಒಂದು ಹೆಜ್ಜೆ ಮುಂದಿಟ್ಟಳು, ಏನೋ ಯೋಚಿಸಿ ಅಲ್ಲೇ ನಿಂತಳು.

ಗಾಲಿಕುರ್ಚಿಯಲ್ಲಿದ್ದ ಹೆಂಡತಿ ಎಡಗೈ ಎತ್ತಿ ಗಂಡನ ಅಂಗಿಯ ತೋಳು ಹಿಡಿದು ಎಳೆದರು. ತುಟಿ ಸೊಟ್ಟಗಾಯಿತು, ಕತ್ತಿನ ನರ ಉಬ್ಬಿತು. ಆ ಒಂದು ಮಾತು ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ನರ್ಸು ಅವಸರ ಮಾಡದೆ ಕಾದರು.

"ಇ... ವರೇ."

ಮತ್ತೆ ಉಸಿರೆಳೆದುಕೊಂಡು, "ಎಲ್... ಲಾ... ಇವರೇ" ಎಂದರು.

ನರ್ಸು ಕುರ್ಚಿಯನ್ನು ಜಿಪ್ ಮಾಮನ ಕಡೆ ಸರಿಸಿ, "ಹಾಗಾದ್ರೆ ನೀವು ಕೂತ್ಕೊಳ್ಳಿ ಅಣ್ಣ, ಹೇಳಿ" ಎಂದರು. ಜಿಪ್ ಮಾಮ ಕಣ್ಣೊರೆಸಿಕೊಂಡು ಕೂತರು. ಎಬ್ಬಿಸುವಾಗ ಎಡಗಡೆಯಿಂದ ಹಿಡಿಯಬೇಕು, ಮೊಣಕಾಲು ಮೊದಲು ಮಡಚಬೇಕು, ನೀರನ್ನು ಒಂದೇ ಗುಟುಕಿಗೆ ಕೊಡಬಾರದು ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳತೊಡಗಿದರು. ಹಿಂದೆ ನಿಂತಿದ್ದ ಗಿರಾಕಿ ತಂದೆಯನ್ನು ಬೆಂಚಿನ ಮೇಲೆ ಕೂರಿಸಿ ಮೇಜಿನ ಹತ್ತಿರ ಬಂದ.

"ಸ್ವಲ್ಪ ನಿಧಾನಕ್ಕೆ ಹೇಳಿ ಮಾಮ, ಮನೇಲಿ ನಾನೂ ಮಾಡ್ಬೇಕು" ಎಂದ.