ಮಣಿಪಾಲದ ಏರಿನಲ್ಲಿ ನಾಲ್ಕನೇ ಗೇರು

ತಂಗಿಯ ಮಗಳ ಮದುವೆಗೆಂದು ಉಡುಪಿಯಿಂದ ಕಾರ್ಕಳಕ್ಕೆ ಹೊರಟಿದ್ದೆವು. ಮದುಮಗಳು ಮುಡಿಯಬೇಕಾದ ಶಂಕರಪುರ ಮಲ್ಲಿಗೆ ಬಾಳೆಲೆಯ ಕಟ್ಟಿನಲ್ಲಿ ನನ್ನ ಮಡಿಲಲ್ಲಿತ್ತು. ನನ್ನ ಪುಟ್ಟ ಕಾರನ್ನು ಓಡಿಸುತ್ತಿದ್ದವರು ಯಜಮಾನರು. ದುಬೈಯಲ್ಲಿ ವರ್ಷಗಟ್ಟಲೆ ಗೇರ್ ತಾನೇ ಬದಲಿಸಿಕೊಳ್ಳುವ ಕಾರು ಓಡಿಸಿ, ಮೊನ್ನೆಯಷ್ಟೇ ಊರಿಗೆ ಬಂದವರು.

ಕಲ್ಸಂಕ ದಾಟಿ ನಾಲ್ಕನೇ ಗೇರಿಗೆ ಹಾಕಿದವರು, ಇನ್ನು ಮುಂದಿನದನ್ನು ಕಾರೇ ನೋಡಿಕೊಳ್ಳುತ್ತದೆ ಎಂಬಂತೆ ಗೇರನ್ನು ಮರೆತೇಬಿಟ್ಟರು. ಮಣಿಪಾಲದ ಏರಿನ ಅರ್ಧಕ್ಕೆ ಬರುವಾಗ ಕಾರು ನಡುಗತೊಡಗಿತು. ಅಕ್ಕಿ ಮೂಟೆ ಹೇರಿದ ರಿಕ್ಷಾವೊಂದು ನಮ್ಮನ್ನು ದಾಟಿ ಹೋಯಿತು.

"ಎಂತ ಗಾಡಿ ಮಾರಾಯ್ತಿ, ಪಿಕಪ್ಪೇ ಇಲ್ಲ!" ಎಂದು ಅವರು ಆಕ್ಸಿಲರೇಟರನ್ನು ಇನ್ನೂ ಒತ್ತಿದರು.

"ಪಿಕಪ್ ಉಂಟು. ಗೇರ್ ಇಳಿಸುವವರು ಬೇಕಲ್ವಾ?"

ಅಷ್ಟರಲ್ಲಿ ತಂಗಿಯ ಫೋನು. "ಅಕ್ಕ, ಎಲ್ಲಿದ್ದೀ? ಜಡೆ ಹೆಣೆದಾಯ್ತು. ಮಲ್ಲಿಗೆ ಇಲ್ಲದೆ ಮಂಟಪಕ್ಕೆ ಬರುವುದಿಲ್ಲ ಅಂತ ಇವಳು ಕೂತಿದ್ದಾಳೆ!"

ನಾನು ಹೂವಿನ ಕಟ್ಟನ್ನು ಎಡಗೈಯಲ್ಲಿ ಅವುಚಿಕೊಂಡು, ಬಲಗೈಯಲ್ಲಿ ಗೇರ್ ಹಿಡಿದೆ. "ನಾನು ಹೇಳುವಾಗ ಕ್ಲಚ್ ಒತ್ತಿ ಮಾರಾಯ್ರೇ, ಅಷ್ಟು ಸಾಕು."

ಅವರು ಒತ್ತಿದರು, ನಾನು ಎರಡಕ್ಕೆ ಎಳೆದೆ. ಕಾರು ಗುರ್ರೆಂದು ಏರಿತು. ಪರ್ಕಳ, ಹಿರಿಯಡ್ಕ ದಾಟಿದರೂ ನಮ್ಮೊಳಗೆ "ಕ್ಲಚ್", "ಹ್ಞಾಂ" ಬಿಟ್ಟರೆ ಬೇರೆ ಮಾತಿಲ್ಲ.

ಸಭಾಭವನದ ಬಾಗಿಲಲ್ಲೇ ತಂಗಿ ಮಲ್ಲಿಗೆಯನ್ನು ಕಸಿದುಕೊಂಡು ಒಳಗೆ ಓಡಿದಳು. ಅವಳ ಗಂಡ ನಮ್ಮವರ ಕೈ ಹಿಡಿದು ಕೇಳಿದ: "ಊರಿನ ಗಾಡಿ ಓಡಿಸ್ಲಿಕ್ಕೆ ಕಷ್ಟ ಆಯ್ತಾ ಭಾವ?"

"ಎಂತ ಕಷ್ಟ? ಗೇರ್ ಅದರಷ್ಟಕ್ಕೇ ಬೀಳ್ತದೆ" ಎಂದರು ಯಜಮಾನರು.