ಮೆರೆರಿಡ್‌ಳನ್ನು ನಾನು ಫೇಲ್ ಮಾಡಿದ್ದು

2022ರಲ್ಲಿ ನಾನು ಸ್ಯಾನ್ ಡಿಯಾಗೋದ ಒಂದು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕಿಯಾಗಿದ್ದೆ. ಕಡಲಂಚಿನ ಬಂಡೆಗಳು ಏಕೆ ಕುಸಿಯುತ್ತವೆ ಎಂದು ಅಳೆಯುವುದು ನನ್ನ ಲ್ಯಾಬಿನ ಕೆಲಸ. ಅಲೆಗಳು ಬುಡ ಕೊರೆಯುವುದರಿಂದಲೇ ಬಂಡೆ ಬೀಳುತ್ತದೆ ಎನ್ನುವುದು ನನ್ನ ಮಾಡೆಲ್. ನಾನು ಹೆಸರು ಮಾಡಿದ್ದೇ ಅದರಿಂದ. ಈಗ ನಿವೃತ್ತಳಾಗಿ ರೆಡೊಂಡೊ ಬೀಚ್‌ನಲ್ಲಿದ್ದೇನೆ.

ಮೆರೆರಿಡ್ ವೇಲ್ಸ್‌ನಿಂದ ಪಿಎಚ್‌ಡಿಗೆ ಬಂದವಳು. ಬ್ರಿಟನ್ನಿನ ಪಶ್ಚಿಮಕ್ಕಿರುವ ಆ ಸಣ್ಣ ನಾಡಿಗೆ ವೆಲ್ಷ್ ಎಂಬ ತನ್ನದೇ ಭಾಷೆಯಿದೆ. ಅವಳ ಮನೆಮಾತು ಅದು. ಡಿಗ್ರಿಯ ಪಾಠಗಳನ್ನೂ ಬಹುಪಾಲು ಅದರಲ್ಲೇ ಓದಿದ್ದಳು. ತರಗತಿಯಲ್ಲಿ ಆರೇ ಜನ. ಯಾವುದಕ್ಕಾದರೂ ವೆಲ್ಷ್‌ನಲ್ಲಿ ಪದವಿಲ್ಲದಿದ್ದರೆ ಮೇಷ್ಟ್ರೂ ಮಕ್ಕಳೂ ಕೂತು ಒಂದು ಪದ ಗೊತ್ತುಮಾಡಿಕೊಳ್ಳುತ್ತಿದ್ದರಂತೆ. "ಮೇಷ್ಟ್ರು ನಿವೃತ್ತರಾಗುವ ಹೊತ್ತಿಗೆ ನನ್ನ ಪಿಎಚ್‌ಡಿ ಮುಗಿಯಬೇಕು. ಆಮೇಲೆ ಆ ತರಗತಿಗೆ ನಾನು ಪಾಠ ಹೇಳುತ್ತೇನೆ" ಎಂದು ಬಂದ ವಾರದಲ್ಲೇ ನನಗೆ ಹೇಳಿದ್ದಳು.

ಅವಳ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿತ್ತು. ಆದರೆ ಬಂಡೆಯ ಮುಂದೆ ನಿಂತಾಗ ಅವಳ ಪೆನ್ಸಿಲ್ ವೆಲ್ಷ್‌ನಲ್ಲೇ ಓಡುತ್ತಿತ್ತು. ಒಂದು ದಿನ ಅವಳ ಫೀಲ್ಡ್ ನೋಟ್‌ಬುಕ್ ತೆರೆದು ನೋಡಿದೆ. ಒಂದಕ್ಷರ ಅರ್ಥವಾಗಲಿಲ್ಲ.

"ಇದು ಲ್ಯಾಬಿನ ನೋಟ್‌ಬುಕ್. ನಾಳೆ ನೀನು ಬಸ್ಸಿನಡಿ ಬಿದ್ದರೆ ಇದನ್ನು ಯಾರು ಓದಬೇಕು? ಎಲ್ಲವನ್ನೂ ಇಂಗ್ಲಿಷಿನಲ್ಲಿ ಮತ್ತೆ ಬರಿ" ಎಂದೆ.

"ನೀವು ಪ್ರಶಾಂತ್ ಜೊತೆ ದಿನವಿಡೀ ಕನ್ನಡದಲ್ಲೇ ಮಾತಾಡುತ್ತೀರಲ್ಲ?" ಎಂದಳು. ಪ್ರಶಾಂತ ನನ್ನ ಇನ್ನೊಬ್ಬ ಪಿಎಚ್‌ಡಿ ವಿದ್ಯಾರ್ಥಿ, ಹುಬ್ಬಳ್ಳಿಯವನು.

"ಹರಟೆ ಬೇರೆ, ವಿಜ್ಞಾನ ಬೇರೆ."

ಎರಡು ವರ್ಷದ ಅಂಕಿಗಳನ್ನೆಲ್ಲ ಅವಳು ಇಂಗ್ಲಿಷಿಗೆ ಇಳಿಸಿದಳು. ಅಂಚಿನಲ್ಲಿ ಗೀಚಿದ್ದ ಯೋಚನೆಗಳು ಮಾತ್ರ ವೆಲ್ಷ್‌ನಲ್ಲೇ ಉಳಿದವು.

ಆ ವರ್ಷದ ಮೇ ತಿಂಗಳಲ್ಲಿ ಅವಳ ಕ್ವಾಲಿಫೈಯಿಂಗ್ ಪರೀಕ್ಷೆ. ಇದರಲ್ಲಿ ಪಾಸಾಗದೆ ಪಿಎಚ್‌ಡಿ ಮುಂದುವರಿಯುವುದಿಲ್ಲ. ನಾನೂ ಸೇರಿ ಮೂವರು ಪರೀಕ್ಷಕರೆದುರು ಎರಡು ಗಂಟೆ ನಿಂತು ಉತ್ತರ ಹೇಳಬೇಕು. ಮೊದಲ ಗಂಟೆ ಚೆನ್ನಾಗಿಯೇ ನಡೆಯಿತು. ಆಮೇಲೆ ನಾನು, ಅಳತೆಗೆಂದು ನಾವು ಗುರುತಿಸಿದ್ದ ನಾಲ್ಕನೇ ಜಾಗದ ಬಂಡೆ ಏಕೆ ಬಿರುಕುಬಿಡುತ್ತಿದೆ ಎಂದು ಕೇಳಿದೆ. ಅಲೆಗಳಿಂದ ಎಂಬುದು ನಾನು ಕಾದಿದ್ದ ಉತ್ತರ.

ಅವಳು ಸುಮ್ಮನೆ ನಿಂತಳು. ತುಟಿ ಮಾತ್ರ ಅಲ್ಲಾಡಿತು.

"ಟ್ರಾನ್ಸ್‌ಲೇಟ್ ಮಾಡಿಕೊಳ್ಳುತ್ತಿದ್ದೀಯಾ? ನಾವು ಕಾಯಬೇಕಾ?" ಎಂದೆ.

ಅವಳ ಕುತ್ತಿಗೆಯೆಲ್ಲ ಕೆಂಪಾಯಿತು. "ಅಲೆಗಳಲ್ಲ. ಮೇಲಿನಿಂದ ನೀರು... ಲೀಕ್ ಆಗುತ್ತಿದೆ" ಎಂದಳು.

"ಲೀಕ್? ಬಂಡೆಯೊಳಗೆ ಪೈಪ್ ಹಾಕಿದ್ದಾರಾ?"

ಉಳಿದಿಬ್ಬರು ನಕ್ಕರು. ನಾನೂ ನಕ್ಕೆ. ನನಗೆ ಖುಷಿಯಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಮೈಸೂರಿನಲ್ಲಿ ಬಿಎಸ್ಸಿ ಓದುವಾಗ, ಕನ್ನಡ ಮೀಡಿಯಂನಿಂದ ಬಂದ ನನ್ನನ್ನು ಎಬ್ಬಿಸಿ ನಿಲ್ಲಿಸಿ ಒಬ್ಬ ಲೆಕ್ಚರರ್ ಇದೇ ಧಾಟಿಯಲ್ಲಿ ಇಡೀ ತರಗತಿಯನ್ನು ನಗಿಸುತ್ತಿದ್ದರು. ಅದರಿಂದಲೇ ಗಟ್ಟಿಯಾದೆ ಎಂದು ನಂಬಿದ್ದವಳು ನಾನು. ಗಟ್ಟಿಯಾಗುವುದಾದರೆ ಇವಳೂ ಆಗಲಿ ಅಂದುಕೊಂಡೆ.

ಆಮೇಲೆ ಕೇಳಿದ ಯಾವ ಪ್ರಶ್ನೆಗೂ ಅವಳು ಪೂರ್ತಿ ಉತ್ತರ ಕೊಡಲಿಲ್ಲ. ಒಬ್ಬ ಪರೀಕ್ಷಕರು ಪಾಸ್ ಎಂದರು, ಇನ್ನೊಬ್ಬರು ಫೇಲ್ ಎಂದರು. ನಾನು ಎರಡನೆಯವರ ಪಕ್ಷ ಸೇರಿದೆ. ಆರು ತಿಂಗಳ ನಂತರ ಇನ್ನೊಂದು ಅವಕಾಶವಿತ್ತು. ಆದರೆ ಪರೀಕ್ಷೆಯಾದ ಮೂರನೆಯ ದಿನವೇ ಅವಳು ಬಂದು ನೋಟ್‌ಬುಕ್‌ಗಳನ್ನು ನನ್ನ ಮೇಜಿನ ಮೇಲಿಟ್ಟಳು. "ಇನ್ನೊಮ್ಮೆ ನಿಮ್ಮೆದುರು ನಿಲ್ಲಲಾರೆ" ಎಂದಳು. ನಾನು ತಡೆಯಲಿಲ್ಲ.

ಆಗಸ್ಟ್‌ನ ಒಂದು ಶನಿವಾರ ಪ್ರಶಾಂತನೂ ನಾನೂ ದಿನಸಿ ತರಲು ನನ್ನ ಕಾರಿನಲ್ಲಿ, ನಮ್ಮ ಕಡೆಯ ಅಂಗಡಿಗಳಿರುವ ಆರ್ಟೀಸಿಯಾ ಊರಿಗೆ ಹೊರಟಿದ್ದೆವು. ದಾರಿಯಲ್ಲಿ ಅವನ ಫೋನಿಗೆ ಫೋಟೋ ಬಂತು. ನಾಲ್ಕನೇ ಜಾಗದ ಬಂಡೆ ಕುಸಿದಿತ್ತು. ಮಳೆಯಿಲ್ಲದ ಕಾಲ, ಸಮುದ್ರ ವಾರದಿಂದ ದೊಡ್ಡ ಅಲೆಯಿಲ್ಲದೆ ಶಾಂತವಾಗಿತ್ತು. ಬಂಡೆಯ ನೆತ್ತಿಯ ಮೇಲಿನ ಬಂಗಲೆಗಳ ಹುಲ್ಲುಹಾಸಿಗೆ ಮಾತ್ರ ದಿನವೂ ನೀರು ಬಿಡುತ್ತಿದ್ದರು.

ಅವನು ಫೋನ್ ಕೆಳಗಿಟ್ಟು ಹೇಳಿದ: "ಮೇಡಂ, ಪರೀಕ್ಷೆದಾಗ ಏನಾತಂತ ಮೆರೆರಿಡ್ ನನಗ ಹೇಳಿದ್ಲು. ನಾವು ಒಸರು ಅಂತೀವಲ್ರಿ, ಆಕಿ ಅದನ್ನ ಹೇಳಾಕ ಹೊಂಟಿದ್ಲು. ನಿಮಗ ತಿಳೀಲಿಲ್ಲೇನ್ರಿ?"

ತಿಳಿದಿತ್ತು. ಲೀಕ್ ಎಂದಾಗಲೇ ಒಸರು ಎಂಬ ಮಾತು ನನ್ನ ತಲೆಯಲ್ಲಿ ಹಾದುಹೋಗಿತ್ತು. ಅದು ನನ್ನ ಮಾಡೆಲ್‌ಗೆ ಬೇಡವಾದ ಮಾತು.

ನೋಟ್‌ಬುಕ್ಕಿನ ಅಂಚುಗಳನ್ನು ಸ್ಕ್ಯಾನ್ ಮಾಡಿ, ಅನುವಾದಿಸಿಕೊಡಿ ಎಂದು ಅವಳ ಹಳೆಯ ಮೇಷ್ಟ್ರಿಗೇ ಕಳಿಸಿದೆ. ಹತ್ತು ದಿನಕ್ಕೆ ಇಪ್ಪತ್ತಮೂರು ಪುಟ ಬಂತು. ಎಲ್ಲಿ ಒಸರುತ್ತಿದೆ, ಯಾವ ಹುಲ್ಲುಹಾಸಿನಿಂದ, ಬಿರುಕು ಎಷ್ಟು ಮಿಲಿಮೀಟರ್ ಅಗಲವಾಯಿತು, ಎಲ್ಲವೂ ಅದರಲ್ಲಿತ್ತು. ಪರೀಕ್ಷೆಯ ಹಿಂದಿನ ವಾರದ ಪುಟದಲ್ಲಿ ಒಂದು ಸಾಲು: "ಪ್ರೊಫೆಸರರ ಮಾಡೆಲ್ ಇಲ್ಲಿ ಹೊಂದುವುದಿಲ್ಲ. ಅವರಿಗೆ ನೋವಾಗದಂತೆ ಹೇಗೆ ಹೇಳಲಿ?"

ಮೆರೆರಿಡ್‌ಗೆ ಬರೆದೆ. ಕ್ಷಮೆ ಕೇಳಿದೆ, ಆ ಪರೀಕ್ಷೆಯ ಫಲಿತಾಂಶ ರದ್ದು ಮಾಡಿಸುತ್ತೇನೆ, ಈ ಒಸರಿನ ಬಗ್ಗೆ ಬರೆಯುವ ಪ್ರಬಂಧದಲ್ಲಿ ನಿನ್ನ ಹೆಸರೇ ಮೊದಲು ಎಂದೆ. ಎರಡು ಸಾಲಿನ ಉತ್ತರ ಬಂತು: "ಹೆಸರು ಹಾಕುವುದು ಬಿಡುವುದು ನಿಮ್ಮಿಷ್ಟ. ನಾನೀಗ ಆ ವಿಷಯ ಓದುವುದಿಲ್ಲ." ಹೆಸರು ಹಾಕಿದೆ. ಪ್ರಬಂಧವನ್ನು ಎಲ್ಲರೂ ಹೊಗಳಿದರು. ಹೆಚ್ಚಿನವರು ನನ್ನನ್ನೇ ಹೊಗಳಿದರು.

ಅದರ ಒಂದು ಪ್ರತಿಯನ್ನು ಮೇಷ್ಟ್ರಿಗೆ ಕಳಿಸಿದ್ದೆ. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು. ಧನ್ಯವಾದ ಹೇಳಿ ಕೊನೆಗೆ ಬರೆದಿದ್ದರು: "ಪಾಠ ಹೇಳುವವರು ಸಿಗದ ಕಾರಣ ನಮ್ಮ ವೆಲ್ಷ್ ತರಗತಿಯನ್ನು ಈ ವರ್ಷದಿಂದ ಇಂಗ್ಲಿಷ್ ತರಗತಿಗೆ ಸೇರಿಸಿದ್ದಾರೆ. ವಿದ್ಯಾರ್ಥಿಗಳಿಂದ ದೂರೇನೂ ಬಂದಿಲ್ಲ."

ಆ ನಂತರ ನಿವೃತ್ತಿಯವರೆಗೆ ಹನ್ನೊಂದು ಪರೀಕ್ಷೆಗಳಲ್ಲಿ ಪರೀಕ್ಷಕಿಯಾಗಿ ಕೂತೆ. ಅಭ್ಯರ್ಥಿ ಸುಮ್ಮನಾದಾಗ ಬಾಯಿ ಮುಚ್ಚಿಕೊಂಡು ಕಾಯುವುದನ್ನು ಅಭ್ಯಾಸ ಮಾಡಿಕೊಂಡೆ. ನನ್ನ ಕೆಲಸ ಕಲಿಸಿದ ಪಾಠ ಅಷ್ಟೇ: ಪರೀಕ್ಷಕರು ಫೇಲ್ ಮಾಡುವುದು ಎದುರಿಗೆ ನಿಂತವರೊಬ್ಬರನ್ನೇ ಅಲ್ಲ, ಅವರು ಮುಂದೆ ಯಾರಿಗೆ ಕಲಿಸಬೇಕಿತ್ತೋ ಅವರನ್ನೂ. ತಮಗೆ ಏನು ತಪ್ಪಿಹೋಯಿತೆಂದು ಆ ಮಕ್ಕಳಿಗೆ ಗೊತ್ತೂ ಆಗುವುದಿಲ್ಲ.